ಕಂಪ್ಯೂಟರ್ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ



ಪಿಯುಸಿ ರಿಸಲ್ಟ್ ಬಂದ ಕೂಡಲೇ ನಮ್ಮ ಕೇರಿಗಳಿಗೆ ಕಂಪ್ಯೂಟರ್ ಕ್ಲಾಸಿನವರ ಪಾಂಪ್ಲೆಟ್ ಬರ್ತವೆ. ಹಾರ್ಡ್‌ವೇರ್ ಅಂಡ್ ನೆಟ್‌ವರ್ಕಿಂಗ್ ಡಿಪ್ಲೊಮಾ, ನೂರಕ್ಕೆ ನೂರು ಉದ್ಯೋಗ ಗ್ಯಾರಂಟಿ. ಈ ಸಲ ಅಂಕೋಲಾ ಕಡೆಯ ನಮ್ಮ ಆಗೇರ ಕೇರಿಯ ಹುಡುಗಿಯೊಬ್ಬಳು ಅಂಥದೇ ಒಂದು ಕಾಗದ ಹಿಡಿದುಕೊಂಡು ಬಂದಳು. ಕನ್ನಡ ಮಾಧ್ಯಮ, ಪಿಯುಸಿ ಪಾಸು. ಹತ್ತು ತಿಂಗಳ ಕೋರ್ಸು, ಫೀ 48 ಸಾವಿರ. ಅವಳ ತಾಯಿ ಸಂಘದಲ್ಲಿ ಸಾಲಕ್ಕೆ ಹೆಸರು ಕೊಟ್ಟೂ ಆಗಿತ್ತು.

"ಅಣ್ಣಾ, ಐಟಿ ಸಪೋರ್ಟ್ ಕೆಲಸಕ್ಕೆ ಇದು ಸಾಕಾಗ್ತದಾ?" ಅಂತ ಕೇಳಿದಳು.

ಒಳ್ಳೇ ಪ್ರಶ್ನೆ. ಇಂಜಿನಿಯರಿಂಗ್ ಓದದೆಯೂ ಈ ಕ್ಷೇತ್ರದೊಳಗೆ ಹೋಗಲು ಇರುವ ಬಾಗಿಲು ಇದೊಂದೇ ಅಂತ ನನಗೂ ಅನಿಸ್ತದೆ. ಪ್ರಿಂಟರ್ ಸರಿ ಮಾಡುವುದು, ವಿಂಡೋಸ್ ಹಾಕುವುದು, ನೆಟ್‌ವರ್ಕ್ ಕೇಬಲ್ ಎಳೆಯುವುದು, ಫೋನಿನಲ್ಲಿ ಇನ್ನೊಬ್ಬರ ತೊಂದರೆ ಕೇಳಿ ಪರಿಹಾರ ಹೇಳುವುದು. ಇದಕ್ಕೆ ಡಿಗ್ರಿಗಿಂತ ಕೈ ಪಳಗಬೇಕು. ಆದರೆ ಆ ಪಾಂಪ್ಲೆಟ್‌ನಲ್ಲಿ ಸರ್ಟಿಫಿಕೇಟ್ ಯಾರು ಕೊಡ್ತಾರೆ ಅಂತ ಎಲ್ಲೂ ಇರಲಿಲ್ಲ. ಫೋನ್ ಮಾಡಿ ಕೇಳಿದೆ. "ನಮ್ಮದೇ ಸರ್ಟಿಫಿಕೇಟ್ ಸರ್, ಎ ಪ್ಲಸ್ ಸಿಲೆಬಸ್ ಇದೆ" ಅಂದರು.

ಇಲ್ಲೇ ನೋಡಿ ಮರ್ಮ. ಕಾಂಪ್‌ಟಿಯಾ ಎ ಪ್ಲಸ್ ಅನ್ನುವುದು ಕಂಪನಿಗಳು ಜಗತ್ತಿನಾದ್ಯಂತ ಒಪ್ಪುವ ಪರೀಕ್ಷೆ. ಎರಡು ಪೇಪರ್, ಎರಡಕ್ಕೂ ಬೇರೆ ಬೇರೆ ಫೀ, ಪಾಸಾದರೂ 3 ವರ್ಷಕ್ಕೊಮ್ಮೆ ನವೀಕರಣ. ಅದರ ಸಿಲೆಬಸ್ ಕಲಿಸುವುದು ಬೇರೆ, ಆ ಪರೀಕ್ಷೆಗೆ ಕೂರಿಸುವುದು ಬೇರೆ. 48 ಸಾವಿರದಲ್ಲಿ ಪರೀಕ್ಷೆ ಫೀ ಸೇರಿದೆಯಾ ಅಂತ ಕೇಳಿದ್ದಕ್ಕೆ, ಸೇರಿಲ್ಲ ಅಂದರು. ಸಿಸ್ಕೋದ ಸಿಸಿಎನ್‌ಎ ಹೆಸರು ಹಾಕುವ ಕ್ಲಾಸಿನವರಿಗೂ ಇದನ್ನೇ ಕೇಳಿ.

ಹಾಗಾದರೆ ಕಡಿಮೆ ದುಡ್ಡಿನ ದಾರಿ ಯಾವುದು? ನಮ್ಮವರು ಐಟಿಐ ಅಂದರೆ ಮೂಗು ಮುರಿಯುತ್ತಾರೆ. ಆ ತಾಯಿಯೂ "ಐಟಿಐ ಅಂದ್ರೆ ಗಂಡು ಹುಡುಗ್ರು ವೆಲ್ಡಿಂಗ್ ಮಾಡೂದಲ್ವಾ?" ಅಂದಳು. ಅಲ್ಲ ತಂಗಿ. ಐಟಿಐಯಲ್ಲಿ ಕೋಪಾ ಅಂತ ಒಂದು ವರ್ಷದ ಟ್ರೇಡ್ ಇದೆ, ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್. ಐಸಿಟಿಎಸ್‌ಎಂ ಅಂತ ಎರಡು ವರ್ಷದ್ದೂ ಇದೆ. ಎರಡೂ ಒಂದೇ ಅಂತ ತಿಳಿಯಬೇಡಿ. ಕೋಪಾದಲ್ಲಿ ಹೆಚ್ಚಾಗಿ ಕೀಬೋರ್ಡಿನ ಕೆಲಸ, ಆಫೀಸ್ ಪ್ಯಾಕೇಜು, ಸ್ವಲ್ಪ ಪ್ರೋಗ್ರಾಮಿಂಗ್. ಐಸಿಟಿಎಸ್‌ಎಂನಲ್ಲಿ ಡಬ್ಬ ಬಿಚ್ಚಿ ರಿಪೇರಿ ಮಾಡುವುದು, ನೆಟ್‌ವರ್ಕ್ ಹಾಕುವುದು. ಸಪೋರ್ಟ್ ಕೆಲಸಕ್ಕೆ ಎರಡನೆಯದೇ ಹತ್ತಿರ. ಎಲ್ಲ ಐಟಿಐಯಲ್ಲೂ ಎಲ್ಲ ಟ್ರೇಡ್ ಇರುವುದಿಲ್ಲ, ಆದ್ದರಿಂದ ಪಟ್ಟಿ ನೋಡಿಯೇ ಅರ್ಜಿ ಹಾಕಿ.

ಇಲ್ಲಿ ಸಿಗುವುದು ರಾಷ್ಟ್ರೀಯ ಸರ್ಟಿಫಿಕೇಟು. ಅದಿದ್ದರೆ ಅಪ್ರೆಂಟಿಸ್‌ಗೆ ಅರ್ಜಿ ಹಾಕಬಹುದು. ಕಾರವಾರದ ನೌಕಾನೆಲೆಯ ಶಿಪ್ ರಿಪೇರಿ ಯಾರ್ಡು ಐಟಿಐ ಪಾಸಾದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಅವರು ಯಾವ ಟ್ರೇಡ್ ಕರೆಯುತ್ತಾರೆ ಅಂತ ಹಿಂದಿನ ವರ್ಷದ ಪ್ರಕಟಣೆ ಓದಿ, ಆಮೇಲೆ ಟ್ರೇಡ್ ಆರಿಸಿ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ 3ಎ ಅಂತ ಒಂದು ಸೆಕ್ಷನ್ ಇದೆ, ಪರಿಶಿಷ್ಟ ಜಾತಿ, ಪಂಗಡಕ್ಕೆ ತರಬೇತಿ ಸೀಟು ಮೀಸಲಿಡಬೇಕು ಅಂತ. ಖಾಸಗಿ ಕ್ಲಾಸಿನ ಡಿಪ್ಲೊಮಾ ಹಿಡಿದು ಹೋದರೆ ಈ ಸೆಕ್ಷನ್ ನಿಮ್ಮ ಕೈಗೆ ಬರುವುದಿಲ್ಲ. ಕೋರ್ಸು ಆರಿಸುವಾಗ ನಮ್ಮ ಮೀಸಲಾತಿಯ ಹಕ್ಕನ್ನು ಉಳಿಸಿಕೊಳ್ತೇವಾ ಬಿಡ್ತೇವಾ ಅನ್ನುವುದೂ ಅಲ್ಲೇ ತೀರ್ಮಾನ ಆಗಿಬಿಡ್ತದೆ.

ಇನ್ನೊಂದು ಇದೆ. ಬೆಂಗಳೂರಿನಲ್ಲಿ ಎಸ್ಸಿ, ಎಸ್ಟಿಯವರಿಗೆಂದೇ ಕೇಂದ್ರ ಕಾರ್ಮಿಕ ಸಚಿವಾಲಯದ ವೃತ್ತಿ ಸೇವಾ ಕೇಂದ್ರ ಇದೆ. ಇಂಥ ಕೇಂದ್ರಗಳ ಮೂಲಕ ನೀಲಿಟ್‌ನ 'ಓ' ಲೆವೆಲ್ ಹಾರ್ಡ್‌ವೇರ್ ತರಬೇತಿ ಕೊಡ್ತಾರೆ. ಒಂದು ವರ್ಷ, ಫೀ ಇಲ್ಲ, ತಿಂಗಳಿಗೆ 1,000 ರೂಪಾಯಿ ಸ್ಟೈಪೆಂಡ್. ಕೇಳಲಿಕ್ಕೆ ಚೆಂದ. ಆದರೆ 1,000 ರೂಪಾಯಿಯಲ್ಲಿ ನಮ್ಮ ಕರಾವಳಿಯ ಹುಡುಗಿ ಬೆಂಗಳೂರಲ್ಲಿ ಎಲ್ಲಿ ಉಳಿಯಬೇಕು? ಹಾಸ್ಟೆಲ್ ಇಲ್ಲದ ಉಚಿತ ಕೋರ್ಸು ಬೆಂಗಳೂರಿನವರಿಗೆ ಮಾತ್ರ ಉಚಿತ.

ಗೂಗಲ್‌ನವರದ್ದು 2018ರಿಂದ ಐಟಿ ಸಪೋರ್ಟ್ ಸರ್ಟಿಫಿಕೇಟ್ ಇದೆ, ಕೋರ್ಸೆರಾದಲ್ಲಿ. ದುಡ್ಡಿಲ್ಲದವರು ಫೀ ರಿಯಾಯಿತಿಗೆ ಅರ್ಜಿ ಹಾಕಬಹುದು. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಪುಕ್ಕಟೆ ಪಾಠಗಳಿವೆ. (ಅದೇ ಸಿಸ್ಕೋದಲ್ಲಿ ದಲಿತ ಇಂಜಿನಿಯರ್ ಒಬ್ಬರಿಗೆ ಜಾತಿ ತಾರತಮ್ಯ ಆಯ್ತು ಅಂತ 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರವೇ ಕೇಸು ಹಾಕಿತ್ತು. ಪಾಠ ಕಲಿಯಿರಿ, ಇದನ್ನೂ ತಿಳಿದಿರಿ.) ಐಟಿಐ ಜೊತೆಗೆ ರಾತ್ರಿ ಒಂದು ತಾಸು ಇವನ್ನು ನೋಡಿದರೆ ಇಂಗ್ಲಿಷೂ ಸುಧಾರಿಸ್ತದೆ. ಗೋವಾಕ್ಕೋ ಬೆಂಗಳೂರಿಗೋ ಹೋದರೆ ಫೋನಿನಲ್ಲಿ ಮಾತಾಡಲೇಬೇಕು.

ನಾನು ಗುಮಾಸ್ತ. ಕಚೇರಿಯಲ್ಲಿ ಇಷ್ಟು ವರ್ಷ ಕಂಡದ್ದು ಹೇಳ್ತೇನೆ. ಸಿಸ್ಟಂ ಕೆಟ್ಟ ದಿನ ಸಾಹೇಬರು ಎದ್ದು ಪಕ್ಕಕ್ಕೆ ನಿಲ್ತಾರೆ. ರಿಪೇರಿಗೆ ಬಂದ ಹುಡುಗ ಅವರ ಕುರ್ಚಿಯಲ್ಲಿ ಕೂರ್ತಾನೆ. ಬೇರೆ ಯಾವ ಕೆಲಸಕ್ಕೆ ಹೋದರೂ ನಮ್ಮ ಹುಡುಗರಿಗೆ ಆ ಕುರ್ಚಿ ಸಿಕ್ಕಿದ್ದು ನಾನು ನೋಡಿಲ್ಲ. ಹಾಗಂತ ಎಲ್ಲ ಸರಿಹೋಯ್ತು ಅಂತಲ್ಲ. ಒಮ್ಮೆ ನಮ್ಮವನೇ ಒಬ್ಬ ಬಂದಿದ್ದ. ಮಷಿನ್ ಸರಿಯಾಯ್ತು, ಚಹಾ ಬಂತು, ಹಿಂದೆಯೇ ಪ್ರಶ್ನೆಯೂ ಬಂತು: "ನೀನು ಯಾರ ಪೈಕಿ?" ಹುಡುಗ ತಲೆ ಎತ್ತಿ ಹೇಳಿದ. ನನಗೆ ಖುಷಿಯಾಯ್ತು. ಅಂದು ಸಂಜೆ ಅವನನ್ನು ನಮ್ಮ ಸಭೆಗೂ ಕರೆದುಕೊಂಡು ಹೋದೆ.

ಈಗ ಹೋರಾಟದ ಮಾತು. ಸರ್ಕಾರಿ ಕಚೇರಿಗಳಲ್ಲಿ ಈ ಕೆಲಸ ಹೆಚ್ಚಾಗಿ ಹೊರಗುತ್ತಿಗೆ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಅಂತ 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿದೆ. ಆದರೆ 20ಕ್ಕಿಂತ ಕಡಿಮೆ ಜನರ ನೇಮಕಕ್ಕೆ ಅದು ಅನ್ವಯಿಸುವುದಿಲ್ಲ. ಒಂದು ತಾಲೂಕು ಕಚೇರಿಗೆ ಕಂಪ್ಯೂಟರ್ ನೋಡಿಕೊಳ್ಳಲು ಬೇಕಾಗುವುದು ಒಬ್ಬರು, ಇಬ್ಬರು. ಇಪ್ಪತ್ತು ಎಲ್ಲಿಂದ ಆಗ್ತದೆ? ಇಡೀ ಜಿಲ್ಲೆಯದ್ದು ಒಟ್ಟು ಲೆಕ್ಕ ಹಿಡಿದು ರೋಸ್ಟರ್ ಮಾಡಿ ಅಂತ ನಾವು ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವವರಿದ್ದೇವೆ. ಸಹಿ ಹಾಕುವವರು ಮುಂದೆ ಬನ್ನಿ.

ಆ ಹುಡುಗಿ ಸಾಲದ ಅರ್ಜಿ ವಾಪಸ್ ತೆಗೆಸಿ ಸರ್ಕಾರಿ ಐಟಿಐಗೆ ಹಾಕಿದ್ದಾಳೆ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡಿಲ್ಲ. ತಾಯಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ, 48 ಸಾವಿರದ್ದೇ ದೊಡ್ಡ ಕೋರ್ಸು ಅಂತ ಅವಳ ಮನಸ್ಸಿನಲ್ಲಿ.

ಇನ್ನೂ ಗೊಂದಲ ಇರುವವರು ಭಾನುವಾರ ಸಂಜೆ ಬನ್ನಿ. ಬರುವಾಗ ಮಾರ್ಕ್ಸ್‌ಕಾರ್ಡ್, ಆಧಾರ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ತನ್ನಿ. ಆದಾಯದ್ದು ಅವಧಿ ಮುಗಿದಿದ್ದರೆ ನಾಳೆಯೇ ಅರ್ಜಿ ಕೊಡಿ, ಕೊನೇ ದಿನಕ್ಕೆ ಸರ್ವರ್ ಇರುವುದಿಲ್ಲ.

ಜೈಭೀಮ್.