ಮಂಗಳೂರಿನ ಅಡುಗೆಮನೆ: ಕೊರತೆಯ ಕಾಲ ಕಲಿಸಿದ ಪಾಠ

ಘಟ್ಟದ ಮೇಲಿನ ಬಯಲುಸೀಮೆಯಿಂದ ಮಂಗಳೂರಿಗೆ ಇಳಿಯುವವರ ಕಣ್ಣನ್ನು ಮೊದಲು ತುಂಬುವುದು ಹಸಿರು. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲನ್ನು ಸೇರುವ ಈ ನಗರದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ನಮ್ಮ ಧಾರವಾಡದ ಕಡೆ ಬೀಳುವ ಮಳೆಯ ನಾಲ್ಕು ಪಟ್ಟಿಗೂ ಹೆಚ್ಚು. ಮನೆಯಂಗಳದಲ್ಲಿ ತೆಂಗು, ಬೇಲಿಯಾಚೆ ಹಲಸು, ಬಾವಿಯ ಬಳಿ ಬಾಳೆ, ಹಳ್ಳದ ಅಂಚಿನಲ್ಲಿ ಕೆಸು. ಇಂಥ ನೆಲದಲ್ಲಿ ಹಸಿವಿಗೆ ಎಡೆಯೆಲ್ಲಿ ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ.

ಆದರೆ ಕರಾವಳಿಯ ಹಿರಿಯರನ್ನು ಕೇಳಿದರೆ ಬೇರೊಂದು ಮಾತು ಹೊರಡುತ್ತದೆ. ನಮ್ಮಲ್ಲಿ ಮಳೆ ಬಾರದಿದ್ದರೆ ಬರಗಾಲ. ಇಲ್ಲಿ ಮಳೆ ಬಂದಾಗಲೇ ಕೊರತೆಯ ಕಾಲ. ಜೂನ್ ತಿಂಗಳಿನಿಂದ ಕಡಲು ಮುನಿಯುತ್ತದೆ. ದೋಣಿಗಳು ದಡವೇರುತ್ತವೆ. ಹಳೆಯ ಬಂದರಿನಲ್ಲಿ ಹಾಯಿಹಡಗುಗಳ ವ್ಯಾಪಾರವೇ ಪ್ರಧಾನವಾಗಿದ್ದ ದಿನಗಳಲ್ಲಿ ಸಾಮಾನು ಹೊರುವವರ ಕೂಲಿಯೂ ಮಳೆಗಾಲದುದ್ದಕ್ಕೂ ನಿಲ್ಲುತ್ತಿತ್ತು. ಗದ್ದೆಯಲ್ಲಿ ನೇಜಿ ನೆಟ್ಟಾಗಿರುತ್ತದೆ, ಪೈರು ಕೈಗೆ ಬಂದಿರುವುದಿಲ್ಲ. ಹಿಂದಿನ ಬೆಳೆಯ ಅಕ್ಕಿ ಮುಡಿಯ ತಳ ಮುಟ್ಟಿರುತ್ತದೆ. ಬಿಡದ ಮಳೆಗೆ ಹಿತ್ತಲಿನ ತರಕಾರಿ ಕೊಳೆಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ತುಳುವರ ಆಟಿ ತಿಂಗಳು ಈ ಕೊರತೆಯ ನಡುಗಾಲ. ಮಂಗಳೂರಿನ ಅಡುಗೆಯ ಜಾಣ್ಮೆಯಲ್ಲಿ ಬಹುಪಾಲು ಹುಟ್ಟಿದ್ದು ಈ ತಿಂಗಳ ಭಯದಿಂದ ಎಂದರೆ ತಪ್ಪಾಗಲಾರದು.

ಕಾಲದ ಹೊಡೆತಗಳೂ ಇದಕ್ಕೆ ಸೇರಿಕೊಂಡವು. 1942ರಲ್ಲಿ ಬರ್ಮಾ ದೇಶ ಜಪಾನಿನ ವಶವಾದಾಗ ಅಲ್ಲಿಂದ ಹಿಂದೂಸ್ಥಾನಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಕ್ಕಿಗೆ ಪಡಿತರದ ಅಳತೆ ಬಂತು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡುವಂತೆ ದೇಶಕ್ಕೆ ಕರೆ ಕೊಟ್ಟರು. ಅಮೆರಿಕದ ಗೋಧಿ ಹಡಗಿನಲ್ಲಿ ಬಂದಿಳಿದರೆ ದೇಶದ ಒಲೆ ಉರಿಯುತ್ತಿದ್ದ ದಿನಗಳವು. ಆ ಕಾಲವನ್ನು ಕಂಡ ಅಜ್ಜಿಯರು ಇಂದಿಗೂ ಅಕ್ಕಿ ತೊಳೆದ ನೀರನ್ನು ಸುಮ್ಮನೆ ಚೆಲ್ಲುವುದಿಲ್ಲ. ಅದು ದನದ ಬಾನಿಗೋ ಬಸಳೆಯ ಬುಡಕ್ಕೋ ಸೇರಬೇಕು.

ಹೆಂಚಿನ ಕೆಳಗಿನ ಉಗ್ರಾಣ

1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಹೆಂಚು ಮಾಡುವ ಕಾರ್ಖಾನೆಯನ್ನು ಮಂಗಳೂರಿನಲ್ಲಿ ಆರಂಭಿಸಿದರು. ಆ ಕೆಂಪು ಹೆಂಚು ಊರಿಗೆ ಕೀರ್ತಿ ತಂದಿತು. ಅದೇ ಹೆಂಚಿನ ಮಾಡಿನ ಕೆಳಗೆ, ಒಲೆಯ ಹೊಗೆ ತಾಗುವ ಅಟ್ಟದಲ್ಲಿ, ಗೃಹಿಣಿಯರು ಮಳೆಗಾಲವನ್ನು ಎದುರಿಸುವ ಸೈನ್ಯವನ್ನು ಕಟ್ಟುತ್ತಿದ್ದರು. ಬೇಸಗೆಯಲ್ಲಿ ಬೆಳೆದ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಹೆಣೆದು ಮಾಡಿನ ಪಕ್ಕಾಸಿಗೆ ತೂಗುಹಾಕುತ್ತಿದ್ದರು. ಒಂದಕ್ಕೊಂದು ತಾಗದೆ, ಗಾಳಿಯಾಡುತ್ತ ತೂಗುವ ಕಾಯಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತಿತ್ತು.

ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿ ಇಡುವುದು ಇನ್ನೊಂದು ಉಪಾಯ. ಬೀಜವನ್ನು ಉಪ್ಪಿನಲ್ಲಿ ಬೇಯಿಸಿ, ಕಲ್ಲಿನಂತೆ ಗಟ್ಟಿಯಾಗುವವರೆಗೆ ಬಿಸಿಲಿಗೆ ಒಣಗಿಸಿದರೆ ಅದು ಸಾಂತಾಣಿ. ಜಡಿಮಳೆಯ ಸಂಜೆ ಮಕ್ಕಳ ಕಿಸೆಗೆ ಅದೇ ತಿಂಡಿ. ಎಳೆಯದೂ ಅಲ್ಲದ ಹಣ್ಣೂ ಅಲ್ಲದ ಹಲಸಿನ ಸೊಳೆಯನ್ನು ಉಪ್ಪು ಬೆರೆಸಿ ಭರಣಿಯಲ್ಲಿ ತುಂಬಿ, ಮೇಲೆ ಭಾರ ಹೇರಿ ಇಡುತ್ತಾರೆ. ಬೇಕಾದಾಗ ತೆಗೆದು, ರಾತ್ರಿ ನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಿದರೆ ಪಲ್ಯಕ್ಕೂ ಆಯಿತು, ಅಕ್ಕಿಯೊಡನೆ ಅರೆದು ರೊಟ್ಟಿಗೂ ಆಯಿತು. ಉಪ್ಪುನೀರಿನ ಮಾವಿನಕಾಯಿ, ಒಣಗಿಸಿದ ಪುನರ್ಪುಳಿಯ ಸಿಪ್ಪೆ, ಹಲಸಿನ ಹಪ್ಪಳ ಇವೆಲ್ಲ ಆ ಸೈನ್ಯದ ಬೇರೆ ಬೇರೆ ಪಡೆಗಳು. ನಮ್ಮ ಮನೆಗಳಲ್ಲಿ ಕಟಕರೊಟ್ಟಿಯ ಬುಟ್ಟಿ, ಗುರೆಳ್ಳು ಚಟ್ನಿಪುಡಿಯ ಡಬ್ಬಿ, ಬೇಸಗೆಯಲ್ಲಿ ಇಟ್ಟ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಮಾಡುತ್ತಿದ್ದ ಕೆಲಸವನ್ನೇ ಅವು ಇಲ್ಲಿ ಮಾಡುತ್ತಿದ್ದವು.

ಗಂಜಿ ಎಂಬ ಅನ್ನಪೂರ್ಣೆ

ಮಂಗಳೂರಿನ ಬಡತನಕ್ಕೆ ಆಸರೆಯಾದದ್ದು ಕುಚ್ಚಲಕ್ಕಿಯ ಗಂಜಿ. ಭತ್ತವನ್ನು ಮೊದಲು ಕುದಿಸಿ, ಒಣಗಿಸಿ, ಆಮೇಲೆ ಕುಟ್ಟಿದ ಈ ಅಕ್ಕಿಯಲ್ಲಿ ತೌಡಿನಲ್ಲಿರುವ ಬಿ ಜೀವಸತ್ವಗಳ ಒಂದಂಶ ಕಾಳಿನ ಒಳಗೇ ಇಳಿದು ಉಳಿಯುತ್ತದೆಂದು ಆಹಾರಶಾಸ್ತ್ರ ಹೇಳುತ್ತದೆ. ಬಿಳಿ ಅಕ್ಕಿಯನ್ನೇ ನಂಬಿದವರನ್ನು ಕಾಡುತ್ತಿದ್ದ ಬೆರಿಬೆರಿ ರೋಗಕ್ಕೆ ಇದೊಂದು ತಡೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಅಕ್ಕಿ ಹಾಕಿ, ಒಂದು ಕುದಿ ಬಂದ ಮೇಲೆ ಮುಚ್ಚಿ, ಕೆಂಡದ ಮೇಲೆ ಬಿಟ್ಟರೆ ತನ್ನಷ್ಟಕ್ಕೆ ಬೇಯುತ್ತದೆ, ಸೌದೆಯೂ ಉಳಿತಾಯ. ಅದರ ತೆಳಿಗೆ ಉಪ್ಪು ಬೆರೆಸಿದರೆ ಜ್ವರದಿಂದ ಎದ್ದವರಿಗೆ ಪಥ್ಯ. ಹೆಚ್ಚಿನ ತೆಳಿ ಹತ್ತಿಬಟ್ಟೆಗೆ ಗಂಜಿ ಹಾಕಲು ಬಂತು. ಅತಿಥಿ ಬಂದರೆ ನೀರು ಹೆಚ್ಚಿಸಿದರಾಯಿತು. ಒಲೆ ಮತ್ತೆ ಹೊತ್ತಿಸಬೇಕಿಲ್ಲ.

ನೀರುದೋಸೆಯನ್ನು ಇಂದು ಹೋಟೆಲುಗಳಲ್ಲಿ ವಿಶೇಷ ತಿಂಡಿಯೆಂದು ಬಡಿಸುತ್ತಾರೆ. ಅದರ ಮೂಲಗುಣ ಮಿತವ್ಯಯವೇ. ಉದ್ದು ಬೇಡ, ಹುದುಗು ಬರಲು ಕಾಯಬೇಕಿಲ್ಲ. ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ ನುಣ್ಣಗೆ ಅರೆದು, ಉಪ್ಪು ಸೇರಿಸಿ, ಮಜ್ಜಿಗೆಯಷ್ಟು ತೆಳ್ಳಗೆ ನೀರು ಬೆರೆಸಿ ಕಾದ ಕಾವಲಿಗೆ ಎರೆದರೆ ಸಾಕು. ತೆಂಗಿನಕಾಯಿ ಇದ್ದರೆ ಹಾಕಬಹುದು, ಇಲ್ಲದಿದ್ದರೂ ದೋಸೆ ಏಳುತ್ತದೆ.

ಎಲೆ, ಸಿಪ್ಪೆ, ಬೀಜ

ಆಟಿಯ ದಿನಗಳಲ್ಲಿ ಹಂಪನಕಟ್ಟೆಯಿಂದ ಬಂದರಿನ ಕಡೆಗೆ ನಡೆದರೆ ಬೀದಿಬದಿಯಲ್ಲಿ ಕೆಸುವಿನ ಎಲೆಯ ಕಟ್ಟು, ಚಗಟೆ ಸೊಪ್ಪು, ಕಣಿಲೆ ಕಾಣಸಿಗುತ್ತವೆ. ತುಳುವಿನಲ್ಲಿ ತಜಂಕ್ ಎನ್ನುವ ಚಗಟೆ ಮೊದಲ ಮಳೆಗೆ ದಾರಿಯ ಬದಿಯಲ್ಲಿ ತಾನಾಗಿ ಏಳುವ ಗಿಡ. ಅದರ ಚಿಗುರಿಗೆ ಹಲಸಿನ ಬೀಜ ಸೇರಿದರೆ ಕಾಸಿಲ್ಲದ ಪಲ್ಯ. ಕಣಿಲೆ ಎಂದರೆ ಎಳೆಬಿದಿರು. ಅದರಲ್ಲಿ ಸಹಜವಾಗಿಯೇ ವಿಷಾಂಶವಿರುವುದರಿಂದ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಚೆನ್ನಾಗಿ ಬೇಯಿಸಿಯೇ ಉಣ್ಣಬೇಕು. ಕೆಸುವಿನ ಎಲೆ ಗಂಟಲು ತುರಿಸುತ್ತದೆ. ಆದ್ದರಿಂದಲೇ ಪತ್ರೊಡೆಯ ಹಿಟ್ಟಿಗೆ ಹುಣಿಸೆಹುಳಿ ಧಾರಾಳ. ನೆನೆಸಿದ ಅಕ್ಕಿಯನ್ನು ಮೆಣಸು, ಕೊತ್ತಂಬರಿ, ಹುಳಿ, ಬೆಲ್ಲದೊಡನೆ ಅರೆದು ಎಲೆಗೆ ಬಳಿದು, ಎಲೆಯ ಮೇಲೆ ಎಲೆ ಹೇರಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಸ್ವಲ್ಪ ಅಕ್ಕಿಗೆ ಬಹಳ ಎಲೆ. ಹೊಟ್ಟೆ ತುಂಬಿಸುವ ಲೆಕ್ಕ ಅಲ್ಲಿದೆ. ಮರುದಿನ ಉಳಿದದ್ದನ್ನು ಪುಡಿಮಾಡಿ ತೆಂಗಿನತುರಿ ಬೆಲ್ಲ ಬೆರೆಸಿದರೆ ಹೊಸ ತಿಂಡಿ.

ಬಚ್ಚಂಗಾಯಿ, ಅಂದರೆ ನಮ್ಮ ಕಲ್ಲಂಗಡಿ ಹಣ್ಣಿನ ಕೆಂಪು ತಿರುಳನ್ನು ತಿಂದು ಉಳಿದದ್ದನ್ನು ನಾವು ಎಸೆಯುತ್ತೇವೆ. ಇಲ್ಲಿ ಹೊರಗಿನ ಹಸಿರು ಹೆರೆದು, ಬಿಳಿಯ ಭಾಗವನ್ನು ಹೆಚ್ಚಿ, ನೆನೆದ ಅಕ್ಕಿಯೊಡನೆ ಸಮಸಮವಾಗಿ ಅರೆದು ದೋಸೆ ಎರೆಯುತ್ತಾರೆ. ಅರೆಯಲು ಬೇರೆ ನೀರು ಬೇಕಾಗುವುದೇ ಅಪರೂಪ. ಹೀರೆಯ ಸಿಪ್ಪೆ ಚಟ್ನಿಗೆ, ಬಾಳೆಯ ದಿಂಡು ಪಲ್ಯಕ್ಕೆ, ಹೂವು ವಡೆಗೆ. ಸೌತೆಯ ಬೀಜವನ್ನೂ ಬಿಡದೆ ಅರೆದು ಸೋಸಿ, ಹಾಲಿನಂಥ ಆ ರಸದಿಂದ ಸಾರು ಕಾಯಿಸುತ್ತಾರೆ. ತೆಂಗಿನ ಸಿಪ್ಪೆ ಒಲೆಗೆ, ಕರಟ ಸವಟಿಗೆ. ಎಸೆಯುವುದಕ್ಕೆ ಏನೂ ಉಳಿಯುವುದಿಲ್ಲ.

ಬೇಕರಿಯಿಲ್ಲದ ಬನ್ಸು

ಮಂಗಳೂರು ಬನ್ಸ್ ಎಂಬ ಹೆಸರು ಕೇಳಿ ಬೇಕರಿಯ ತಿಂಡಿಯೆಂದು ತಿಳಿಯುವವರುಂಟು. ಅದು ಭಟ್ಟಿಯನ್ನು ಕಾಣುವುದೇ ಇಲ್ಲ. ಕಪ್ಪಾಗಿ ಯಾರೂ ಮುಟ್ಟದ ಬಾಳೆಹಣ್ಣನ್ನು ಉಳಿಸಿಕೊಳ್ಳುವ ದಾರಿ ಅದು. ಅಂಥ ಎರಡು ಹಣ್ಣನ್ನು ಕಿವುಚಿ, ಮೂರು ನಾಲ್ಕು ಚಮಚ ಸಕ್ಕರೆ, ಕಾಲು ಲೋಟ ಹುಳಿಮೊಸರು, ಚಿಟಿಕೆ ಅಡುಗೆ ಸೋಡಾ, ಉಪ್ಪು, ಜೀರಿಗೆ ಬೆರೆಸಿ, ಹಿಡಿಸಿದಷ್ಟು ಮೈದಾ ಕಲಸಿ ರಾತ್ರಿಯಿಡೀ ಮುಚ್ಚಿಡಬೇಕು. ಬೆಳಿಗ್ಗೆ ದಪ್ಪ ಪೂರಿಯಂತೆ ಲಟ್ಟಿಸಿ ಕರಿದರೆ ಉಬ್ಬಿ ಬರುತ್ತದೆ. ಮೈದಾದ ಬದಲು ಗೋಧಿಹಿಟ್ಟನ್ನೂ ಬಳಸಬಹುದು.

ಬೇಯಿಸುವ ಪೆಟ್ಟಿಗೆಯಿಲ್ಲದೆಯೂ ಇಲ್ಲಿಯ ಮನೆಗಳಲ್ಲಿ ಬೇಕರಿಯ ಕೆಲಸ ನಡೆಯುತ್ತಿತ್ತು. ಕೊಂಕಣಿ ಮನೆಗಳ ತವಸಳಿ ಇದಕ್ಕೆ ಉದಾಹರಣೆ. ಬಲಿತು ಹಳದಿಯಾದ ಸೌತೆಯ ತುರಿ, ಅಕ್ಕಿತರಿ, ಬೆಲ್ಲ, ತೆಂಗಿನತುರಿ ಕಲಸಿ, ದಪ್ಪತಳದ ಪಾತ್ರೆಗೆ ತುಂಬಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡವಿಟ್ಟು ನಿಧಾನವಾಗಿ ಬೇಯಿಸುತ್ತಾರೆ. ಇಂದಿನವರು ಅದನ್ನು ಹಬೆಯಲ್ಲಿ ಬೇಯಿಸುವುದೇ ಹೆಚ್ಚು. ಬೇಕರಿಯವರ ರಸ್ಕಿನ ಹಿಂದೆಯೂ ಇದೇ ತತ್ವವಿದೆ: ಬ್ರೆಡ್ಡನ್ನು ಚೂರುಮಾಡಿ ಎರಡನೆಯ ಬಾರಿ ಬೇಯಿಸಿ ನೀರಿನಂಶ ಆರಿಸಿದರೆ ವಾರಗಟ್ಟಲೆ ಬಾಳುತ್ತದೆ.

ಮರೆಯಬಾರದ ಮಾತು

ಇಷ್ಟನ್ನು ಬರೆದು ನಿಲ್ಲಿಸಿದರೆ ಲೇಖನ ಸಿಹಿಯಾಗಿಯೇ ಮುಗಿದೀತು. ಆದರೆ ಕದ್ರಿಯ ಸಮೀಪದ ಮನೆಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಆಡಿದ ಮಾತು ಅದಕ್ಕೆ ಎಡೆಗೊಡುವುದಿಲ್ಲ. ಈಗ ಸಂಘಸಂಸ್ಥೆಗಳು ವರ್ಷವೂ 'ಆಟಿಡೊಂಜಿ ದಿನ' ಎಂದು ಸಭಾಂಗಣಗಳಲ್ಲಿ ಸಮಾರಂಭ ನಡೆಸಿ, ಹಳೆಯ ಅಡುಗೆಗಳನ್ನೆಲ್ಲ ಸಾಲಾಗಿ ಬಡಿಸುತ್ತವೆ. ಅದರ ಬಗ್ಗೆ ಕೇಳಿದಾಗ ಅವರು ನಕ್ಕು, "ಒಳ್ಳೆಯದೇ ಅಮ್ಮಾ, ಮಕ್ಕಳಿಗೆ ರುಚಿ ಗೊತ್ತಾಗಲಿ. ಆದರೆ ಆಗ ನಮ್ಮ ಎಲೆಯಲ್ಲಿ ಇಷ್ಟೆಲ್ಲ ಇರಲಿಲ್ಲ. ಗಂಡಸರಿಗೆ, ಮಕ್ಕಳಿಗೆ ಗಂಜಿಯ ಅಗುಳು; ನಮ್ಮ ಅಮ್ಮನಿಗೆ ತೆಳಿ ಮಾತ್ರ. ಅದನ್ನೂ ಹೇಳಬೇಕಲ್ಲ?" ಎಂದರು.

ಹೇಳಲೇಬೇಕು. ಮಿತವ್ಯಯವೆಂದು ನಾವು ಹೊಗಳುವ ಎಷ್ಟೋ ಸಂಗತಿಗಳ ಅಡಿಯಲ್ಲಿ ತಾಯಂದಿರ ಅರೆಹೊಟ್ಟೆಯಿತ್ತು. ಕರಾವಳಿಯಲ್ಲಿ ಮಾತ್ರವಲ್ಲ, ನಮ್ಮ ಮನೆಗಳಲ್ಲೂ ಎಲ್ಲರೂ ಉಂಡ ಮೇಲೆ ಬುಟ್ಟಿಯ ತಳದ ರೊಟ್ಟಿಚೂರು ಸೊಸೆಯ ಪಾಲಿಗೆ ಉಳಿಯುತ್ತಿತ್ತು. ಅನ್ನವನ್ನು ಪ್ರಸಾದವೆಂದು ಭಾವಿಸಿ, ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರನ್ನು ಕಂಡು ಬೆಳೆದವರು ನಾವು. ಪ್ರಸಾದಕ್ಕೆ ಇನ್ನೊಂದು ನಿಯಮವೂ ಇದೆ: ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಬೇಕು. ಕೊರತೆಯ ಕಾಲದಿಂದ ನಾವು ಪಡೆಯಬೇಕಾದದ್ದು ಜಾಣ್ಮೆಯನ್ನು. ಒಬ್ಬರನ್ನು ಹಸಿದಿರಿಸಿ ಉಳಿದವರನ್ನು ಉಣಿಸುವ ಲೆಕ್ಕವನ್ನಲ್ಲ.

ಆ ಜಾಣ್ಮೆಯೂ ಈಗ ಕೈಜಾರುತ್ತಿದೆ. ಕಾಂಕ್ರೀಟಿನ ಮನೆಗಳಲ್ಲಿ ಸೌತೆಯನ್ನು ತೂಗುಹಾಕಲು ಪಕ್ಕಾಸಿಲ್ಲ, ಹೊಗೆಯ ಅಟ್ಟವಿಲ್ಲ. ಹಲಸು ಮರದಡಿಯಲ್ಲೇ ಬಿದ್ದು ಕೊಳೆಯುವುದನ್ನೂ, ಅದೇ ಬೀದಿಯ ಅಂಗಡಿಯಲ್ಲಿ ಹಲಸಿನ ಚಿಪ್ಸಿನ ಪೊಟ್ಟಣಕ್ಕೆ ಹಣ ಕೊಡುವುದನ್ನೂ ಒಂದೇ ದಿನ ಕಾಣಬಹುದು. ಯಾವ ಎಲೆಯನ್ನು ಎಷ್ಟು ಹುಳಿಯಲ್ಲಿ ಬೇಯಿಸಬೇಕು, ಕಣಿಲೆಯ ನೀರನ್ನು ಎಷ್ಟು ದಿನ ಬದಲಿಸಬೇಕು ಎಂಬುದು ಕೈಯಿಂದ ಕೈಗೆ ದಾಟಿ ಬಂದ ವಿದ್ಯೆ. ಒಂದು ತಲೆಮಾರು ಕಲಿಯದಿದ್ದರೆ ಮುಂದಿನವರಿಗೆ ಆ ಗಿಡವೇ ಅಪಾಯದ ಗಿಡವಾಗುತ್ತದೆ.

ಆದ್ದರಿಂದ ಮನೆಯಲ್ಲಿ ಹಿರಿಯರಿರುವ ಪ್ರತಿ ಕುಟುಂಬವೂ ಈ ಮಳೆಗಾಲದಲ್ಲಿ ಒಂದು ನೋಟುಬುಕ್ಕು ಇಡಲಿ. ಅಜ್ಜಿ ಹೇಳಲಿ, ಮೊಮ್ಮಕ್ಕಳು ಬರೆಯಲಿ. ಅಳತೆಯನ್ನು ಮಾತ್ರವಲ್ಲ, ಆ ಅಡುಗೆ ಯಾವ ವರ್ಷ, ಯಾವ ಕಷ್ಟದಲ್ಲಿ ಹುಟ್ಟಿತು, ಅಂದು ಯಾರು ಉಂಡರು, ಯಾರಿಗೆ ಸಾಲಲಿಲ್ಲ ಎಂಬುದನ್ನೂ ಬರೆಯಲಿ. ಆಮೇಲೆ ಆ ಅಡುಗೆಯನ್ನು ಮಾಡಿ, ಅಜ್ಜಿಗೆ ಮೊದಲು ಬಡಿಸಿ, ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ.