ದುಬಾರಿ ಊರಿನ ಚೈತ್ರ

ಲಂಡನ್ನನ್ನು ನೋಡಹೊರಟ ಭಾರತೀಯ ಪ್ರವಾಸಿಗೆ ಮೊದಲು ಅಂಟಿಕೊಳ್ಳುವ ವ್ಯಾಧಿ ಗುಣಾಕಾರದ್ದು. ಕಾಫಿಯ ಬೆಲೆಯನ್ನು ನೂರರಿಂದ ಗುಣಿಸಿ, ಮೇಲಿಷ್ಟು ಸೇರಿಸಿ, ಬಂದ ಮೊತ್ತಕ್ಕೆ ಬೆದರಿ ಕಾಫಿಯ ರುಚಿಯನ್ನೇ ಕಳೆದುಕೊಳ್ಳುವ ಈ ವ್ಯಾಧಿಯು, ಮರಗಳ ಚಿಗುರಿನೊಡನೆ ಪಂಥ ಹೂಡಿದಂತೆ ಹೋಟೆಲುಗಳ ಬಾಡಿಗೆಯೂ ಮೇಲೇರುವ ಏಪ್ರಿಲ್ ಮಾಸದಲ್ಲಿ ಉಲ್ಬಣಿಸುತ್ತದೆ.

ಆದರೆ ಅಲ್ಪವಸ್ತುಗಳಿಗೆ ಇಷ್ಟು ನಿರ್ದಾಕ್ಷಿಣ್ಯವಾಗಿ ಬೆಲೆ ಕಟ್ಟುವ ಈ ನಗರಿಯು ಅಮೂಲ್ಯವಾದುದನ್ನು ಪುಕ್ಕಟೆಯಾಗಿ ಕೊಟ್ಟುಬಿಡುವ ವೈಚಿತ್ರ್ಯವನ್ನು ಏನೆನ್ನಬೇಕು! ನ್ಯಾಷನಲ್ ಗ್ಯಾಲರಿಯಲ್ಲಿ, ವ್ಯಾನ್ ಗೋ 1888ರಲ್ಲಿ ಚಿತ್ರಿಸಿದ ಸೂರ್ಯಕಾಂತಿಗಳೆದುರು ಕಾಲು ಸೋಲುವವರೆಗೆ ನಿಂತರೂ ಕಾಸು ಕೇಳುವವರಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಮರಾವತಿ ಸ್ತೂಪದ ಶಿಲ್ಪಗಳನ್ನು ಕಾಣುವುದಕ್ಕೂ ಶುಲ್ಕವಿಲ್ಲ. ನಮ್ಮ ಮನೆಯ ಒಡವೆಯನ್ನು ನಮಗೇ ತೋರಿಸಿ ಹಣ ಕೇಳದಷ್ಟು ಸಂಕೋಚ ಅವರಲ್ಲಿ ಉಳಿದಿರುವುದು ಸಂತೋಷವೇ.

ಸೇಂಟ್ ಜೇಮ್ಸ್ ಉದ್ಯಾನದ ಹುಲ್ಲೂ ಹಾಗೆಯೇ ಸರ್ವರಿಗೂ ಸಲ್ಲುವಂಥದು. 1664ರಲ್ಲಿ ರಷ್ಯದ ರಾಯಭಾರಿಯು ಎರಡನೆಯ ಚಾರ್ಲ್ಸ್ ದೊರೆಗೆ ಹೆಜ್ಜಾರ್ಲೆಗಳನ್ನು ಕಾಣಿಕೆಯಿತ್ತಂದಿನಿಂದ ಆ ಜಾತಿಯ ಹಕ್ಕಿಗಳು ಅಲ್ಲಿನ ಕೊಳದಲ್ಲಿ ಅರಮನೆಯ ಅತಿಥಿಗಳಂತೆ ಬಾಳುತ್ತಿವೆ. ಮಧ್ಯಾಹ್ನ ಎರಡೂವರೆಯ ಮೇಲೆ ಅವಕ್ಕೆ ಮೀನಿನ ಸಮಾರಾಧನೆ. ದಡದ ತುಂಬ ಡ್ಯಾಫೊಡಿಲ್ ಹೂಗಳ ಹಳದಿ. ಇದೆಲ್ಲವನ್ನೂ ಹುಲ್ಲಿನ ಮೇಲೆ ಕುಳಿತು ನೋಡಿದರೆ ಖರ್ಚಿಲ್ಲ. ನಡು ನೋಯುತ್ತದೆಂದು ಅಲ್ಲಿಯೇ ಹರಡಿರುವ ಪಟ್ಟೆಬಟ್ಟೆಯ ಮಡಿಸುವ ಕುರ್ಚಿಗೆ ಒರಗಿದಿರೋ, ಬಾಡಿಗೆ ತೆರಬೇಕು. ವಸಂತ ಉಚಿತ, ಆಸನಕ್ಕೆ ಮಾತ್ರ ದರ.

ಇನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ನ್ಯಾಯವೇ ಬೇರೆ. ನೋಡಲು ಬಂದವನು ಹಗಲಲ್ಲಿ ಭಾರಿ ಮೊತ್ತದ ಟಿಕೆಟ್ಟು ಕೊಳ್ಳಬೇಕು. ಸಂಜೆಯ ಪ್ರಾರ್ಥನೆಗೆ ಬಂದವನಿಗೆ ಅದೇ ಕಮಾನುಗಳ ಕೆಳಗೆ, ಗಾಯಕವೃಂದದ ಸಂಗೀತ ಸಹಿತವಾಗಿ, ಧರ್ಮಪ್ರವೇಶ. ವಿಶೇಷ ದರ್ಶನಕ್ಕೆ ಭಕ್ತರಿಂದಲೇ ಹಣ ಪಡೆಯುವ ನಮ್ಮ ದೇವಾಲಯಗಳ ಪದ್ಧತಿಯನ್ನು ಬಲ್ಲ ನನಗೆ ಆ ಸಂಜೆ ಅಕಸ್ಮಾತ್ತಾಗಿ ಭಕ್ತಿ ಉದಿಸಿತೆಂದರೆ ಓದುಗರು ಸಂದೇಹಪಡಬಾರದು.

ಥೇಮ್ಸ್ ನದಿಯ ಆಚೆಯ ದಂಡೆಯಲ್ಲಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಸ್ಥಾವರವನ್ನೊಲ್ಲದ ಅಣ್ಣನವರಿಗೆ ಪರದೇಶದಲ್ಲಿ ಹೀಗೆ ಸ್ಥಾವರವಾಗಿ ನಿಲ್ಲುವ ಯೋಗ! ಮಗನೊಡನೆ ಬಂದಿದ್ದ ಧಾರವಾಡದ ಕಡೆಯ ಮುದುಕಿಯೊಬ್ಬರು ಅಲ್ಲಿ ಡ್ಯಾಫೊಡಿಲ್ಲಿನ ಕಟ್ಟೊಂದನ್ನಿಟ್ಟು ಕೈಮುಗಿದರು. ಬಳಿಕ ನನ್ನತ್ತ ತಿರುಗಿ, “ಒಂದ ಪೌಂಡಿಗೆ ಇಷ್ಟು ಹೂವು ಕೊಟ್ಟಾರ ನೋಡ್ರಿ. ಈ ಊರಾಗ ನನ್ನ ಮಗಾ ಎರಡನೇ ಮಾತಾಡದ ರೊಕ್ಕ ಬಿಚ್ಚಿದ್ದು ಇದಕ್ಕೊಂದಕ್ಕ” ಎಂದರು. ಮಗ ನದಿಯ ಕಡೆ ನೋಡುತ್ತಿದ್ದ.