ಅಡ್ಡದಾರಿ ಹಿಡಿದ ರಕ್ತ

ದೊಡ್ಡಪ್ಪ ಒಂದು ಹನಿ ಹೆಂಡ ಮುಟ್ಟಿದವರಲ್ಲ. ಆದರೂ ಲಿವರ್ ಸಿರೋಸಿಸ್ ಅಂದ ಕೂಡಲೇ ಊರಲ್ಲಿ ಗುಸುಗುಸು ಶುರುವಾಯ್ತು. ಹೆಪಟೈಟಿಸ್ ಬಿ, ಫ್ಯಾಟಿ ಲಿವರ್‌ನಿಂದಲೂ ಇದು ಬರುತ್ತೆ ಅಂದ್ರೆ ಕೇಳೋರು ಯಾರು? ಅದರ ಮೇಲೆ ಅವರು ಹಗಲೆಲ್ಲ ತೂಕಡಿಸೋದು, ನಡುರಾತ್ರಿ ಎದ್ದು ಇಲ್ಲದ ಎತ್ತಿಗೆ ಹುಲ್ಲು ಹಾಕೋಕೆ ಹೋಗೋದು ಬೇರೆ.

ಕಾರಣ ಸಿ.ಟಿ. ಸ್ಕ್ಯಾನ್‌ನಲ್ಲಿ ಕಂಡಿತು. ಕರುಳಿನ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ಲಿವರ್‌ಗೆ ಹೋಗಿ ಶುದ್ಧವಾಗಬೇಕು. ಲಿವರ್ ಗಟ್ಟಿಯಾದರೆ, ಹೂಳು ತುಂಬಿದ ಕಾಲುವೆಯ ನೀರು ಬದು ಒಡೆದು ಹರಿಯುವ ಹಾಗೆ, ರಕ್ತ ಬೇರೆ ದಾರಿ ಹುಡುಕುತ್ತೆ. ಕೈಗೆ ಕಾಂಟ್ರಾಸ್ಟ್ ಔಷಧಿ ಚುಚ್ಚಿ, ಸುಮಾರು 70 ಸೆಕೆಂಡ್ ಬಿಟ್ಟು ಚಿತ್ರ ತೆಗೆದರೆ ಆ ಅಡ್ಡದಾರಿಗಳು ಬೆಳ್ಳಗೆ ಕಾಣುತ್ತವೆ. ದೊಡ್ಡಪ್ಪನಿಗೆ ಸ್ಪ್ಲೀನ್ ಹತ್ತಿರದಿಂದ ಎಡ ಕಿಡ್ನಿಯ ರಕ್ತನಾಳಕ್ಕೆ ಬೆರಳು ದಪ್ಪದ ಷಂಟ್ ಆಗಿತ್ತು. ಲಿವರ್ ತಡೆಯಬೇಕಿದ್ದ ಅಮೋನಿಯಾ ಅದರಲ್ಲೇ ನುಸುಳಿ ಮಿದುಳು ಸೇರುತ್ತಿತ್ತು.

"ಅದನ್ನ ಮುಚ್ಚಿಬಿಡೋಕಾಗಲ್ವಾ ಸಾರ್?" ಅಂದೆ. ಡಾಕ್ಟರ್ ಅದೇ ಚಿತ್ರದಲ್ಲಿ ಅನ್ನನಾಳದ ಸುತ್ತ ಉಬ್ಬಿದ ನಾಳಗಳನ್ನು ತೋರಿಸಿದರು. ಷಂಟ್ ಮುಚ್ಚಿದರೆ ಒತ್ತಡ ಇಲ್ಲಿ ಏರಿ, ಅವು ಒಡೆದು ರಕ್ತವಾಂತಿ ಆಗಬಹುದು. ಕೆಲವರಿಗೆ ಮುಚ್ಚುತ್ತಾರೆ, ಎಲ್ಲರಿಗೂ ಅಲ್ಲ. ಸದ್ಯಕ್ಕೆ ಎಂಡೋಸ್ಕೋಪಿ ಮಾಡಿಸಿ, ಲ್ಯಾಕ್ಟುಲೋಸ್ ಸಿರಪ್ ಕೊಡೋದು ಅಂತ ಆಯ್ತು. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಖಾಲಿಯಾದರೆ ಅಮೋನಿಯಾನೂ ಇಳಿಯುತ್ತೆ.

ನಿಮ್ಮ ಮನೇಲಿ ಸಿರೋಸಿಸ್ ಇರೋರ ನಿದ್ದೆ ಹಗಲು-ರಾತ್ರಿ ಅದಲುಬದಲಾದರೆ, ಮಾತು ತಪ್ಪಿದರೆ, ವಯಸ್ಸಾಯ್ತು, ಗಾಳಿ ಸೋಕಿದೆ ಅಂತ ಸುಮ್ಮನಾಗಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ.